ಬೊಜ್ಜು, ಶುಗರ್, ಬಿಪಿ: ತೂಕಕ್ಕಿಂತ ಸೊಂಟದ ಅಳತೆ ಯಾಕೆ ಮುಖ್ಯ? ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ, ಹೊಟ್ಟೆ, ಶುಗರ್ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಉತ್ತರಗಳು ಮಾತ್ರ ಒಂದೇ ಕಡೆ ಸಿಗುವುದಿಲ್ಲ. ಇಲ್ಲಿ ಅವನ್ನು ಒಟ್ಟು ಮಾಡಿದ್ದೇವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಸೊಂಟ ಅಳೆಯುವ ಭಾಗವನ್ನಾದರೂ ಬಿಡದೆ ಓದಿ.

ನಮ್ಮಲ್ಲಿ ಬೊಜ್ಜು ನಿಜವಾಗಿಯೂ ಜಾಸ್ತಿ ಆಗಿದೆಯಾ? ಅಥವಾ ಈಗ ಎಲ್ಲರೂ ಅಳೆಯುವುದರಿಂದ ಹಾಗೆ ಕಾಣುತ್ತಿದೆಯಾ?

ನಿಜವಾಗಿಯೂ ಜಾಸ್ತಿ ಆಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಪ್ರತಿ ಸಲವೂ ಮನೆಮನೆಗೆ ಹೋಗಿ ಒಂದೇ ವಿಧಾನದಲ್ಲಿ ಎತ್ತರ, ತೂಕ ಅಳೆಯುತ್ತಾರೆ. ಹಾಗಾಗಿ ಹಳೆಯ ಅಂಕಿಗೂ ಹೊಸ ಅಂಕಿಗೂ ಹೋಲಿಕೆ ಮಾಡಬಹುದು. 2005–06ರಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 13 ಮಂದಿಯ ತೂಕ ಮಿತಿ ಮೀರಿತ್ತು. 2019–21ರ ಹೊತ್ತಿಗೆ ಅದು 24 ಆಯಿತು. ಗಂಡಸರಲ್ಲಿ 9 ಇದ್ದದ್ದು 23ರ ಹತ್ತಿರ ಬಂತು.

ಕರ್ನಾಟಕದ ಲೆಕ್ಕ ಇದಕ್ಕಿಂತ ಮುಂದಿದೆ. 2015–16ರಲ್ಲಿ ಇಲ್ಲಿನ ಹೆಂಗಸರಲ್ಲಿ ಶೇ 23.3, ಗಂಡಸರಲ್ಲಿ ಶೇ 22.1 ಮಂದಿಗೆ ತೂಕ ಹೆಚ್ಚಿತ್ತು. ಮುಂದಿನ ಸಮೀಕ್ಷೆಯಲ್ಲಿ ಅದು ಶೇ 30.1 ಮತ್ತು ಶೇ 30.9 ಆಯಿತು. ನಾಲ್ಕೈದು ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ. ಇಷ್ಟು ಬೇಗ ಒಂದು ರಾಜ್ಯದ ಜನರ ಸ್ವಭಾವ ಬದಲಾಗುವುದಿಲ್ಲ. ಅವರ ಸುತ್ತಲಿನ ಊಟ, ಕೆಲಸ, ಓಡಾಟ ಬದಲಾಗಿರುತ್ತದೆ. ಈ ಮಾತನ್ನು ಮೊದಲೇ ಹೇಳಲು ಕಾರಣ ಇದೆ. ತೂಕ ಏರಿದವರನ್ನು ಸೋಮಾರಿ, ಹೊಟ್ಟೆಬಾಕ ಅನ್ನುವುದು ನಮ್ಮಲ್ಲಿ ತೀರಾ ಸಾಮಾನ್ಯ. ಅದು ತಪ್ಪು. ಅವಮಾನಕ್ಕೆ ಹೆದರಿ ಎಷ್ಟೋ ಜನ ಪರೀಕ್ಷೆಗೇ ಹೋಗುವುದಿಲ್ಲ.

ಇದು ಪೇಟೆಯವರ, ದುಡ್ಡಿದ್ದವರ ಸಮಸ್ಯೆ ಅಲ್ವಾ?

ಒಂದು ಕಾಲದಲ್ಲಿ ಹೌದು. ಈಗಲೂ ಪೇಟೆಯಲ್ಲೇ ಹೆಚ್ಚು. ದೇಶದಲ್ಲಿ ಪೇಟೆಯ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ, ಹಳ್ಳಿಯಲ್ಲಿ ಐವರಲ್ಲಿ ಒಬ್ಬರಿಗೆ ತೂಕ ಹೆಚ್ಚಿದೆ. ಹಳ್ಳಿಯಲ್ಲೂ ಐವರಲ್ಲಿ ಒಬ್ಬರು ಅಂದರೆ ಅದು ಕಡಿಮೆ ಏನಲ್ಲ.

ಇನ್ನೊಂದು ಬೇಸರದ ವಿಷಯ ಹಸಿವೂ ಇನ್ನೂ ಹೋಗಿಲ್ಲ ಅನ್ನುವುದು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 17ರಷ್ಟು ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ. ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದೇ ಮನೆಯಲ್ಲಿ ಅಮ್ಮನ ಸೊಂಟ ದಪ್ಪ, ರಕ್ತ ಕಡಿಮೆ, ಮಗು ಕುಳ್ಳು. ಹೊಟ್ಟೆ ತುಂಬುತ್ತಿದೆ, ಮೈಗೆ ಬೇಕಾದ್ದು ಸಿಗುತ್ತಿಲ್ಲ.

ಬಿಎಂಐ ಎಷ್ಟಿದ್ದರೆ ಬೊಜ್ಜು? ಒಬ್ಬರು 30 ಅಂತಾರೆ, ಇನ್ನೊಬ್ಬರು 25 ಅಂತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಭಾರತದ ತಜ್ಞರು 2009ರಲ್ಲಿ ಒಟ್ಟಾಗಿ ನಮ್ಮವರಿಗೆ ಬೇರೆ ಮಿತಿ ಹೇಳಿದರು: 23ಕ್ಕೆ ಹೆಚ್ಚು ತೂಕ, 25ಕ್ಕೇ ಬೊಜ್ಜು. ಐದು ಅಡಿ ಮೂರು ಇಂಚಿನವರಿಗೆ 23 ಅಂದರೆ ಸುಮಾರು 59 ಕೆಜಿ, 25 ಅಂದರೆ 64 ಕೆಜಿ. ನೋಡುವವರ ಕಣ್ಣಿಗೆ ಆ ತೂಕದವರು ದಪ್ಪವಾಗಿ ಕಾಣುವುದೇ ಇಲ್ಲ.

ನಾನು ಸಣ್ಣಗೇ ಇದ್ದೀನಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ನನಗೂ ತೊಂದರೆ ಇದೆಯಾ?

ಇರಬಹುದು. ನಮ್ಮ ಜನರ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ.

2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ತೆಳ್ಳಗೆ. ಮೈಯಲ್ಲಿರುವ ಕೊಬ್ಬು ಅಳೆದಾಗ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2 ಬಂತು. ತೂಕದ ಯಂತ್ರ ಇಬ್ಬರನ್ನೂ ಒಂದೇ ತರಹ ಕಂಡಿತ್ತು. ಒಳಗೆ ಒಬ್ಬರಲ್ಲಿ ಇನ್ನೊಬ್ಬರಿಗಿಂತ ಎರಡು ಪಟ್ಟು ಕೊಬ್ಬು.

ಭಾರತೀಯರಲ್ಲಿ ಇದು ಸಾಮಾನ್ಯ. ಒಂದೇ ತೂಕಕ್ಕೆ ನಮಗೆ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಆ ಕೊಬ್ಬು ಕೂಡ ತೊಡೆ, ಪೃಷ್ಠಕ್ಕಿಂತ ಹೊಟ್ಟೆಯ ಒಳಗೆ, ಕರುಳು ಮತ್ತು ಲಿವರ್‌ನ ಸುತ್ತ ಸೇರುತ್ತದೆ. ಚರ್ಮದ ಕೆಳಗೆ ಕೊಬ್ಬು ಇಟ್ಟುಕೊಳ್ಳಲು ಪ್ರತಿ ದೇಹಕ್ಕೂ ಒಂದು ಮಿತಿ ಇರುತ್ತದೆ. ನಮ್ಮಲ್ಲಿ ಆ ಮಿತಿ ಬೇಗ ಮುಗಿಯುತ್ತದೆ. ಕಣಜ ತುಂಬಿದ ಮೇಲೆ ಬಂದ ಕಾಳನ್ನು ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ ಸುರಿಯುತ್ತಾ ಹೋದ ಹಾಗೆ, ಮಿಕ್ಕ ಕೊಬ್ಬು ಇರಬಾರದ ಜಾಗಕ್ಕೆ ನುಗ್ಗುತ್ತದೆ. ಲಿವರ್‌ಗೆ ಕೊಬ್ಬು ಸೇರಿದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ಅದು ಕೇಳುವುದಿಲ್ಲ. ಸಕ್ಕರೆಯನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಇತ್ತ ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕ ಗ್ರಂಥಿ ದುಡಿದು ದುಡಿದು ಸೋಲುತ್ತದೆ.

ಹಾಗಾಗಿ "ನಮ್ಮ ವಂಶದಲ್ಲಿ ಯಾರೂ ದಪ್ಪ ಇಲ್ಲ, ಆದರೂ ಶುಗರ್ ಬಂತು" ಅನ್ನುವವರು ಆಶ್ಚರ್ಯಪಡಬೇಕಿಲ್ಲ.

ನಮಗೇ ಯಾಕೆ ಹೀಗೆ?

ಪೂರ್ತಿ ಉತ್ತರದಲ್ಲಿ ವಂಶವಾಹಿಯ ಪಾಲೂ ಇದೆ, ಊಟದ ಪಾಲೂ ಇದೆ. ಆದರೆ ಬಹಳ ಮುಖ್ಯವಾದ ಒಂದು ಸುಳಿವು ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಇದು ಕನ್ನಡಿಗರಿಗೇ ಸರಿಯಾಗಿ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಊರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಭಾರತದಲ್ಲಿ ಅಷ್ಟು ಹಳೆಯ, ಅಷ್ಟು ಚೊಕ್ಕ ದಾಖಲೆ ಅಪರೂಪ. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಬಾಳುತ್ತಿದ್ದವರನ್ನು ಹುಡುಕಿದರು. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಜೊತೆಗಿದ್ದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನಡುವಯಸ್ಸಿನ ಹೊತ್ತಿಗೆ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆಜಿಗೂ ಮೇಲೆ ಚೆನ್ನಾಗಿ ತೂಗಿದವರಲ್ಲಿ ಅದು 3 ಮಾತ್ರ.

ಶುಗರ್ ವಿಷಯದಲ್ಲಿ ಕಂಡದ್ದು ಇನ್ನೂ ವಿಚಿತ್ರ. ಹುಟ್ಟಿದಾಗ ಉದ್ದ ಕಡಿಮೆ ಇದ್ದು ಮೈ ದಪ್ಪವಾಗಿದ್ದ ಮಕ್ಕಳು, ಅದರಲ್ಲೂ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳು, ದೊಡ್ಡವರಾದಾಗ ಡಯಾಬಿಟಿಸ್‌ಗೆ ಹೆಚ್ಚಾಗಿ ಸಿಕ್ಕಿದ್ದರು. ಬಸುರಿನಲ್ಲಿ ಬರುವ ಶುಗರ್ ಇದಕ್ಕೆ ಕಾರಣವಾ ಅನ್ನುವ ಅನುಮಾನದಿಂದ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಅಧ್ಯಯನ ಶುರು ಮಾಡಿದರು. ಪಾರ್ಥೆನಾನ್ ಅಧ್ಯಯನ ಅಂತ ಅದಕ್ಕೆ ಹೆಸರು. ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೇ ಮೈಯಲ್ಲಿ ಕೊಬ್ಬು ಹೆಚ್ಚಿತ್ತು.

ಪುಣೆಯ ಸುತ್ತಲ ಹಳ್ಳಿಗಳಲ್ಲಿ ಯಾಜ್ಞಿಕ್ ಅವರ ತಂಡ ಕಂಡದ್ದೂ ಇದಕ್ಕೆ ಹೊಂದುತ್ತದೆ. ಅಲ್ಲಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತುಂಬಾ ಹಗುರ. ಮಾಂಸಖಂಡ ಕಡಿಮೆ. ಆದರೆ ಚರ್ಮದಡಿಯ ಕೊಬ್ಬಿಗೆ ಅಷ್ಟು ಕೊರತೆ ಇರಲಿಲ್ಲ. ಅಂದರೆ ನಮ್ಮ ಈ ಮೈಕಟ್ಟು ಹುಟ್ಟುವಾಗಲೇ ಶುರುವಾಗಿರುತ್ತದೆ. ಅರೆಹೊಟ್ಟೆಯಲ್ಲಿ ದುಡಿದ ತಾಯಿಯ ಗರ್ಭದಲ್ಲಿ ಬೆಳೆದ ದೇಹ, ಮುಂದೆ ಸಮೃದ್ಧಿಯ ಕಾಲದಲ್ಲಿ ಬೇಗ ಕೊಬ್ಬು ಕೂಡಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೂವತ್ತು ವರ್ಷ ಆಚೆ ಶುಗರ್ ಕಡಿಮೆ ಆಗಬೇಕಾದರೆ ಇವತ್ತು ಹದಿಹರೆಯದ ಹುಡುಗಿಯರ ತಟ್ಟೆಗೆ ಮೊಟ್ಟೆ, ಕಾಳು, ಹಾಲು, ಸೊಪ್ಪು ಬೀಳಬೇಕು.

ಸೊಂಟ ಅಳೆಯೋದು ಹೇಗೆ? ಎಷ್ಟು ಇರಬೇಕು?

ದರ್ಜಿ ಟೇಪು ಸಾಕು. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ, ಯಾಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಬದಿಯಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ನೋಡಿ. ಕೆಳಗೆ ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ನೋಡಿ. ಎರಡರ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ನಮ್ಮ ಮಿತಿ. ಇದೂ ನೆನಪಿರದಿದ್ದರೆ, ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅನ್ನುವ ದೊಡ್ಡ ಅಧ್ಯಯನದಲ್ಲಿ ದೇಶದ ಎಲ್ಲ ರಾಜ್ಯಗಳಿಂದ 1 ಲಕ್ಷ 13 ಸಾವಿರ ಜನರನ್ನು ನೋಡಿದರು. 2023ರಲ್ಲಿ ಬಂದ ಅದರ ವರದಿಯ ಪ್ರಕಾರ ಬಿಎಂಐ ಲೆಕ್ಕದ ಬೊಜ್ಜು ಶೇ 28.6 ಮಂದಿಗೆ ಇದೆ, ಹೊಟ್ಟೆಯ ಬೊಜ್ಜು ಶೇ 39.5 ಮಂದಿಗೆ. ಬರೀ ತೂಕ ನೋಡಿದ್ದರೆ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಕಣ್ಣಿಗೇ ಬೀಳುತ್ತಿರಲಿಲ್ಲ. ಅದೇ ವರದಿಯಲ್ಲಿ ಡಯಾಬಿಟಿಸ್ ಇರುವವರು ಶೇ 11.4, ಅಂದರೆ ಸುಮಾರು 10 ಕೋಟಿ. ಬಿಪಿ ಇರುವವರು ಶೇ 35.5.

ಡಾಕ್ಟರು ಮೆಟಬಾಲಿಕ್ ಸಿಂಡ್ರೋಮ್ ಅಂದರು. ಅದೇನು ಹೊಸ ಕಾಯಿಲೆ?

ಹೊಸ ಕಾಯಿಲೆ ಅಲ್ಲ. ಜೊತೆಜೊತೆಗೆ ಬರುವ ಐದು ಗುರುತುಗಳ ಗುಂಪು. ಸೊಂಟ ಮಿತಿ ದಾಟಿರುವುದು, ಬಿಪಿ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಐದರಲ್ಲಿ ಮೂರಿದ್ದರೆ ಆ ಹೆಸರು ಬರೆಯುತ್ತಾರೆ.

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ನಾನು ಕುಡಿಯುವುದೇ ಇಲ್ಲ!

ಕುಡಿಯದವರಿಗೂ ಬರುತ್ತದೆ. ಹೊಟ್ಟೆಯ ಕೊಬ್ಬಿನ ಬಗ್ಗೆ ಮೇಲೆ ಹೇಳಿದ್ದೇ ಇದಕ್ಕೂ ಕಾರಣ. 2025ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ 345 ಐಟಿ ನೌಕರರನ್ನು ಪರೀಕ್ಷಿಸಿದಾಗ ಶೇ 84 ಮಂದಿಯ ಲಿವರ್‌ನಲ್ಲಿ ಕೊಬ್ಬು ಸೇರಿತ್ತು. ಬೆಂಗಳೂರಿನವರ ಕೆಲಸದ ವೇಳೆ, ಕೂರುವ ಕುರ್ಚಿ, ತಡರಾತ್ರಿಯ ಊಟ ಅದಕ್ಕಿಂತ ಬೇರೆ ಏನಲ್ಲ.

ಶುರುವಿನ ಹಂತದಲ್ಲಿ ಇದು ಹಿಂದಕ್ಕೆ ಹೋಗುತ್ತದೆ. ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಲಿವರ್‌ನ ಕೊಬ್ಬು ಕರಗಲು ಶುರುವಾಗುತ್ತದೆ. ಲಿವರ್ ಕ್ಲೀನ್ ಮಾಡುತ್ತೇವೆ ಅಂತ ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಹಾಕಬೇಡಿ. ಕೆಲವು ಗಿಡಮೂಲಿಕೆಗಳಿಂದಲೇ ಲಿವರ್ ಕೆಟ್ಟ ಉದಾಹರಣೆಗಳಿವೆ.

ಶುಗರ್ ಬಾರ್ಡರ್‌ನಲ್ಲಿದೆ ಅಂದರು. ಇನ್ನೂ ಬಂದಿಲ್ಲ ಅಂತಾನೆ ಅಲ್ವಾ?

ಬಂದಿಲ್ಲ, ನಿಜ. ಆದರೆ ಕಾಯುತ್ತಾ ಕೂರಬೇಡಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಬಾರ್ಡರ್ ಅನ್ನುತ್ತಾರೆ.

ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಗ್ಲೂಕೋಸ್ ಕುಡಿದ ಮೇಲಿನ ಶುಗರ್ ಬಾರ್ಡರ್‌ನಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿತು. 2006ರಲ್ಲಿ ಫಲಿತಾಂಶ ಬಂತು. ಏನೂ ವಿಶೇಷ ಮಾಡದವರಲ್ಲಿ ನೂರಕ್ಕೆ 55 ಮಂದಿಗೆ ಡಯಾಬಿಟಿಸ್ ಬಂದೇ ಬಂತು. ನಡಿಗೆ, ಊಟದ ಹತೋಟಿ ಮಾಡಿದವರಲ್ಲಿ ಅದು 39ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ ಆಯಿತು. ಗಮನಿಸಬೇಕಾದ್ದು ಏನೆಂದರೆ, ಲಾಭ ಪಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಹಾಗಾಗಿ "ಒಂದು ತಿಂಗಳಿಂದ ನಡೀತಿದ್ದೀನಿ, ತೂಕ ಇಳಿದೇ ಇಲ್ಲ" ಅಂತ ಬಿಟ್ಟುಬಿಡಬೇಡಿ. ಒಳಗೆ ಕೆಲಸ ನಡೆಯುತ್ತಿರುತ್ತದೆ.

ಅನ್ನ ಬಿಟ್ಟು ಮುದ್ದೆ ಶುರು ಮಾಡಿದರೆ ಸರಿಹೋಗುತ್ತಾ?

ಮುದ್ದೆ ಒಳ್ಳೆಯದು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಎರಡೂ ಪಾಲಿಶ್ ಅಕ್ಕಿಗಿಂತ ತುಂಬಾ ಜಾಸ್ತಿ. ಆದರೆ ರಾಗಿಯಲ್ಲೂ ಮುಕ್ಕಾಲು ಭಾಗದ ಹತ್ತಿರ ಹಿಟ್ಟಿನಂಶವೇ. ಎರಡು ದೊಡ್ಡ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಉಂಡರೆ ಶುಗರ್ ಇಳಿಯುವುದಿಲ್ಲ. ರಾಗಿ ಬಿಸ್ಕತ್ತು, ರಾಗಿ ಮಾಲ್ಟ್ ವಿಷಯ ಇನ್ನೂ ಬೇರೆ. ಅವುಗಳಲ್ಲಿ ಸಕ್ಕರೆ ಎಷ್ಟಿದೆ ಪೊಟ್ಟಣದ ಹಿಂದೆ ನೋಡಿ.

ತಟ್ಟೆಯ ಲೆಕ್ಕ ಬದಲಾಗಬೇಕು. ನಮ್ಮ ಶಕ್ತಿಯ ಹೆಚ್ಚು ಪಾಲು ಅನ್ನ, ಗೋಧಿ, ಸಕ್ಕರೆಯಿಂದಲೇ ಬರುತ್ತಿದೆ. ಪಲ್ಯ ಉಪ್ಪಿನಕಾಯಿಯಷ್ಟೇ ಬಡಿಸಿಕೊಳ್ಳುವ ಅಭ್ಯಾಸ ತಿರುಗಬೇಕು. ಹುರುಳಿಕಾಳಿನ ಸಾರು, ಮಸ್ಸೊಪ್ಪು, ಹೆಸರುಬೇಳೆ ಕೋಸಂಬರಿ, ಮೊಳಕೆ ಕಾಳಿನ ಉಸ್ಲಿ, ಉತ್ತರ ಕರ್ನಾಟಕದವರ ಹಸಿ ತರಕಾರಿ, ಮಡಿಕೆ ಕಾಳಿನ ಪಲ್ಯ ಇವೆಲ್ಲ ಹೊಸದಾಗಿ ಕಲಿಯಬೇಕಾದ ಅಡುಗೆಗಳಲ್ಲ. ಅವನ್ನು ಜಾಸ್ತಿ ಹಾಕಿಕೊಂಡು ಅನ್ನ ಕಡಿಮೆ ಮಾಡಿ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು ಇದ್ದೇ ಇದೆ. ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ.

ನಮ್ಮ ತಾತ ತುಪ್ಪ, ಬೆಲ್ಲ ತಿಂದೇ ಎಂಬತ್ತು ವರ್ಷ ಗಟ್ಟಿಯಾಗಿದ್ದರು!

ತಾತ ಬೆಳಿಗ್ಗೆ ಎದ್ದು ಎತ್ತು ಹೂಡುತ್ತಿದ್ದರು, ನೀರು ಸೇದುತ್ತಿದ್ದರು, ಸಂತೆಗೆ ನಡೆದೇ ಹೋಗುತ್ತಿದ್ದರು. ತುಪ್ಪ ದಿನಾ ಸಿಗುವ ಪದಾರ್ಥ ಆಗಿರಲಿಲ್ಲ. ಈಗ ಟ್ರ್ಯಾಕ್ಟರ್ ಇದೆ, ಬೋರ್‌ವೆಲ್ ಇದೆ, ಬೈಕ್ ಇದೆ. ಕಷ್ಟ ಕಡಿಮೆ ಆದದ್ದು ಒಳ್ಳೆಯದೇ. ಆದರೆ ಮೈ ಬಗ್ಗುವುದೂ ನಿಂತಿತು. ಸಾಕಷ್ಟು ಮೈ ಆಡಿಸದ ಭಾರತೀಯ ವಯಸ್ಕರು 2000ದಲ್ಲಿ ಶೇ 22ರಷ್ಟಿದ್ದರು, 2022ರಲ್ಲಿ ಸುಮಾರು ಶೇ 49 ಆದರು.

ಊಟವೂ ಹಳೆಯದಲ್ಲ. ಕೇಂದ್ರ ಸರ್ಕಾರದ 2022–23ರ ಮನೆ ಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಯವರು ಧಾನ್ಯಕ್ಕೆ ಖರ್ಚು ಮಾಡಿದ್ದು ಒಟ್ಟು ಖರ್ಚಿನ ಶೇ 5ರಷ್ಟು. ಪಾನೀಯ, ತಯಾರಿಸಿದ ತಿನಿಸುಗಳಿಗೆ ಮಾಡಿದ್ದು ಶೇ 9.6. ಧಾನ್ಯಕ್ಕಿಂತ ಸುಮಾರು ಎರಡು ಪಟ್ಟು! ಐದು ರೂಪಾಯಿಯ ಕುರುಕಲು ಪೊಟ್ಟಣ ಪ್ರತಿ ಗೂಡಂಗಡಿಯಲ್ಲೂ ನೇತಾಡುತ್ತಿದೆ. ಬಾಳೆಹಣ್ಣು ಬಿಟ್ಟರೆ ಬೇರೆ ಹಣ್ಣು ಅಲ್ಲಿ ಸಿಗುವುದು ಕಷ್ಟ.

ಹೆಂಗಸರಿಗೆ ಮದುವೆ, ಹೆರಿಗೆ ಆದ ಮೇಲೆ ದಪ್ಪ ಆಗೋದು ಸಹಜ ಅಲ್ವಾ?

ಸಾಮಾನ್ಯ, ಆದರೆ ಸುಮ್ಮನಿರಬೇಕಾದ್ದಲ್ಲ. ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ಮೊದಲ ಸಲ ಸೊಂಟವನ್ನೂ ಅಳೆಯಿತು. ದೇಶದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು, ಶೇ 56.7 ಮಂದಿಗೆ ಸೊಂಟ ಮತ್ತು ಪೃಷ್ಠದ ಅಳತೆಯ ಅನುಪಾತ ಅಪಾಯದ ಮಟ್ಟದಲ್ಲಿತ್ತು.

ಬಾಣಂತನದಲ್ಲಿ ಪೌಷ್ಟಿಕ ಊಟ ಬೇಕು, ನಿಜ. ಆದರೆ ತಿಂಗಳುಗಟ್ಟಲೆ ತುಪ್ಪ, ಸಿಹಿ ಜಾಸ್ತಿ ಹಾಕಿ ಮಂಚ ಬಿಟ್ಟು ಇಳಿಸದಿದ್ದರೆ ತೂಕ ಅಲ್ಲೇ ನಿಲ್ಲುತ್ತದೆ. ಬಸುರಿನಲ್ಲಿ ಶುಗರ್ ಬಂದಿದ್ದವರು ಹೆರಿಗೆಯಾಗಿ ಆರು ವಾರಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಮಗು ಹುಟ್ಟಿದ ಖುಷಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಇನ್ನೊಂದು ಮಾತನ್ನು ಮನೆಯ ಗಂಡಸರಿಗೇ ಹೇಳಬೇಕು: ಹೆಂಗಸರಿಗೆ ವಾಕಿಂಗ್‌ಗೆ ಸಮಯವೇ ಇಲ್ಲ ಅನ್ನುವುದು ಅವರ ಸೋಮಾರಿತನ ಅಲ್ಲ. ಬೆಳಗಿನ ತಿಂಡಿ, ಡಬ್ಬಿ ಕೆಲಸದಲ್ಲಿ ನೀವು ಕೈಹಾಕಿದರೆ ಆ ಅರ್ಧ ಗಂಟೆ ಹುಟ್ಟುತ್ತದೆ.

ಮಗು ಗುಂಡುಗುಂಡಾಗಿದ್ದರೆ ಚೆನ್ನಲ್ವಾ?

ಎರಡು ವರ್ಷದೊಳಗಿನ ಕೂಸನ್ನು ಪಥ್ಯ ಮಾಡಿಸಬೇಡಿ. ಅಂಗನವಾಡಿಯ ತಾಯಿ ಕಾರ್ಡಿನ ಗೆರೆ ನೋಡಿಕೊಂಡರೆ ಸಾಕು. ಶಾಲೆಗೆ ಹೋಗುವ ಮಕ್ಕಳ ಸೊಂಟ ಬೆಳೆಯುತ್ತಿದ್ದರೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದ್ದರೆ ವೈದ್ಯರಿಗೆ ತೋರಿಸಿ. ಆ ಕಪ್ಪು ಉಜ್ಜಿದರೆ ಹೋಗುವ ಕೊಳೆ ಅಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು. ಕಾಲು ಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಐದು ಚಮಚಕ್ಕೂ ಮೇಲೆ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಈ ಲೆಕ್ಕ ತೋರಿಸುವ ಸಕ್ಕರೆ ಫಲಕ ಹಾಕಲು ಹೇಳಿತು. ನಮ್ಮ ಸರ್ಕಾರಿ ಶಾಲೆಗಳಲ್ಲೂ ಅಂಥದ್ದು ಬರಲಿ.

ತೂಕ ಇಳಿಸುವ ಇಂಜೆಕ್ಷನ್ ತಗೋಬಹುದಾ?

ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಅದೇ ವರ್ಷ ಜೂನ್‌ನಲ್ಲಿ ಭಾರತಕ್ಕೆ ಬಂದವು. ಇವು ನಿಜವಾಗಿಯೂ ಕೆಲಸ ಮಾಡುತ್ತವೆ. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸರಾಸರಿ ಶೇ 15ರಷ್ಟು, ಟಿರ್ಜೆಪಟೈಡ್‌ನ ದೊಡ್ಡ ಡೋಸಿನಿಂದ ಶೇ 20ರಷ್ಟು ತೂಕ ಇಳಿದಿದೆ. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು. ವಾಕರಿಕೆ, ವಾಂತಿ ಸಾಮಾನ್ಯ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೊದಲೇ ಮಾಂಸಖಂಡ ಕಡಿಮೆ ಇರುವ ನಮಗೆ ಇದು ಚಿಂತೆಯ ವಿಷಯ. ವೈದ್ಯರ ಕೈಕೆಳಗೆ, ಪ್ರೊಟೀನ್ ಊಟ ಮತ್ತು ಭಾರ ಎತ್ತುವ ವ್ಯಾಯಾಮದ ಜೊತೆ ತೆಗೆದುಕೊಳ್ಳಬೇಕು. ಬಸುರಿಯರು, ಮಗು ಬೇಕೆಂದಿರುವವರು ತೆಗೆದುಕೊಳ್ಳಬಾರದು.

ನಾವು ಅಮೆರಿಕ, ಇಂಗ್ಲೆಂಡ್‌ನಲ್ಲಿದ್ದೇವೆ. ಇಲ್ಲಿನ ಡಾಕ್ಟರು ನಿನ್ನ ತೂಕ ಸರಿ ಇದೆ ಅಂತಾರೆ.

ಊರು ಬದಲಾದರೂ ಮೈಕಟ್ಟು ಬದಲಾಗುವುದಿಲ್ಲ. ಏಷ್ಯಾ ಮೂಲದವರಿಗೆ ಬಿಎಂಐ 23ಕ್ಕೇ ಶುಗರ್ ಪರೀಕ್ಷೆ ಶುರು ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘವೇ 2015ರಲ್ಲಿ ಹೇಳಿದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ದಕ್ಷಿಣ ಏಷ್ಯಾದವರಿಗೆ ಹೆಚ್ಚು ತೂಕಕ್ಕೆ 23, ಬೊಜ್ಜಿಗೆ 27.5 ಅನ್ನುವ ಬೇರೆ ಮಿತಿ ಇಟ್ಟಿದೆ. ಡಾಕ್ಟರಿಗೆ ಇದನ್ನು ನೆನಪಿಸಲು ಸಂಕೋಚ ಬೇಡ.

ಪರೀಕ್ಷೆ ಎಲ್ಲಿ ಮಾಡಿಸುವುದು? ಖರ್ಚು ಎಷ್ಟಾಗುತ್ತೆ?

ಮೂವತ್ತು ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪೇಟೆಯಾದರೆ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಚಿಕಿತ್ಸಾಲಯ‌ಗಳಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆ ಫಾರಂ ತುಂಬಲು ಬಂದಾಗ ಸೊಂಟದ ಅಳತೆಯನ್ನೂ ಕೇಳುತ್ತಾರೆ, ನಾಚಿಕೆಪಡದೆ ಕೊಡಿ. ಮನೆಯಲ್ಲಿ ಶುಗರ್ ಇದ್ದವರ ಮಕ್ಕಳು, ಸೊಂಟ ಮಿತಿ ದಾಟಿದವರು ಮೂವತ್ತರವರೆಗೆ ಕಾಯಬೇಕಿಲ್ಲ. ಖಾಲಿ ಹೊಟ್ಟೆ ಪರೀಕ್ಷೆಗೆ ಹೋಗುವ ಹಿಂದಿನ ರಾತ್ರಿ ಊಟವಾದ ಮೇಲೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ತೆಗೆದುಕೊಳ್ಳಬಾರದು. ಬೆಳಗಿನ ಕಾಫಿಯನ್ನು ರಕ್ತ ಕೊಟ್ಟ ಮೇಲೆ ಕುಡಿಯಿರಿ.